ಕಂಬಳಿಯ ಇನ್ನರ್ಧ

ದೊಡ್ಡಬೆಳವಂಗಲ
೯ ಜನವರಿ ೨೦೨೫, ಗುರುವಾರ ಬೆಳಿಗ್ಗೆ

ಪ್ರೀತಿಯ ಮಗ ಬೈರೇಶನಿಗೆ, ನಿನ್ನ ಅಮ್ಮ ಮನಸಾರೆ ಮಾಡುವ ಆಶೀರ್ವಾದ.

ಹೇಗಿದ್ದೀಯ? ಕಲಬುರಗಿಯಲ್ಲಿ ಈ ಚಳಿಗಾಲದಲ್ಲೂ ಮಧ್ಯಾಹ್ನ ನೆತ್ತಿ ಸುಡುತ್ತದೆ ಎಂದು ಹೋದ ತಿಂಗಳು ನೀನೇ ಹೇಳಿದ್ದೆ. ತಲೆಗೆ ಟವೆಲು ಕಟ್ಟದೆ ತಾರಸಿಯ ಮೇಲೆ ಪೈಪಿನ ಕೆಲಸಕ್ಕೆ ನಿಲ್ಲಬೇಡ. ಜೋಳದ ರೊಟ್ಟಿ ಹೊಟ್ಟೆಗೆ ಒಗ್ಗಿತೋ ಇಲ್ಲವೋ? ಮುದ್ದೆ ಇಲ್ಲದಿದ್ದರೆ ನಿನಗೆ ಊಟ ಮಾಡಿದ ಹಾಗೇ ಆಗುವುದಿಲ್ಲ ಎಂದು ನನಗೆ ಗೊತ್ತು. ಆದರೆ ಅಲ್ಲಿಯವರ ಮುಂದೆ ಅದನ್ನು ಹೇಳಿಕೊಂಡು ತಿರುಗಬೇಡ, ಕೆಲಸ ಕೊಟ್ಟ ಊರನ್ನು ಹಳಿಯಬಾರದು. ಇಲ್ಲಿ ರಾಗಿ ಕಣದ ಕೆಲಸ ಮುಗಿಯಿತು. ಅವರೆಕಾಯಿ ಸೊಗಡು ಈ ಸಲ ಚೆನ್ನಾಗಿದೆ. ನೀನಿದ್ದಿದ್ದರೆ ಹಿತುಕಿದ ಬೇಳೆ ಸಾರು ಮಾಡುತ್ತಿದ್ದೆ. ಈ ವಾರ ಕಾಯಿ ಸುಲಿಯುವುದಕ್ಕೂ ನನಗೆ ಕೈ ಬರುತ್ತಿಲ್ಲ. ನಿಮ್ಮಪ್ಪ ಚೆನ್ನಾಗಿದ್ದಾರೆ. ನಿನ್ನ ತಂಗಿ ಸಿಂಧು ಉಸಿರಾಡುತ್ತಿದ್ದಾಳೆ. ಹೀಗೆ ಬರೆಯಬಾರದು, ಚೆನ್ನಾಗಿದ್ದಾಳೆ ಎಂದು ಬರೆಯಬೇಕು. ಆದರೆ ನಾಲ್ಕು ದಿನದಿಂದ ನಾನು ಅವಳಲ್ಲಿ ನೋಡುತ್ತಿರುವುದು ಅದೊಂದನ್ನೇ.

ಫೋನು ಇರುವಾಗ ಕಾಗದ ಯಾಕೆ ಎಂದು ನೀನು ಕೇಳುತ್ತೀಯ. ನಮ್ಮ ಮನೆಯಲ್ಲಿ ಯಾರದೇ ಫೋನು ಬರಲಿ, ಸ್ಪೀಕರಿಗೆ ಹಾಕಿ ನಡುಮನೆಯಲ್ಲಿಟ್ಟು ಎಲ್ಲರೂ ಮಾತಾಡುವುದು ವಾಡಿಕೆ. ಆ ವಾಡಿಕೆ ಮಾಡಿದವಳೂ ನಾನೇ, ನನಗೆ ತಿಳಿಯದ ಗುಟ್ಟು ಈ ಮನೆಯಲ್ಲಿ ಇರಬಾರದೆಂದು. ಈಗ ಗುಟ್ಟು ಇರುವುದು ನನ್ನ ಹತ್ತಿರವೇ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿದ್ದಾಗ ನನ್ನ ಕೈಬರಹವನ್ನು ಮೇಷ್ಟ್ರು ಇಡೀ ತರಗತಿಗೆ ಎತ್ತಿ ತೋರಿಸಿದ್ದರು. ಇವತ್ತಿನ ಓರೆ ಅಕ್ಷರ ನೋಡಿದ್ದರೆ ಅವರು ಎತ್ತಿ ತೋರಿಸುತ್ತಿರಲಿಲ್ಲ.

ಭಾನುವಾರ ಸಿಂಧು ಬಚ್ಚಲಿನಲ್ಲಿ ಪ್ರಜ್ಞೆ ತಪ್ಪಿದಳು, ಗ್ಯಾಸ್ ಗೀಸರಿನ ವಿಷಗಾಳಿ ಕುಡಿದಳು, ಬೈರೇಶ ಹಾಕಿದ್ದು ಸರಿ ಇರಲಿಲ್ಲ ಎಂದು ಅವಳ ಗಂಡ ಕೆಂಪರಾಜ್ ನಿನಗೆ ಫೋನಿನಲ್ಲಿ ಹೇಳಿದರು. ಹೇಳಿದ್ದಲ್ಲ, ಬೈದರು. 'ಒಡಹುಟ್ಟಿದೋಳ ಮನೆಗೇ ನೆಟ್ಟಗೆ ಹಾಕಕ್ಕೆ ಬರದೇ ಇರೋನು ಊರೋರ ಮನೆಗೆ ಇನ್ನೇನ್ ಹಾಕ್ತೀಯಪ್ಪಾ' ಎಂದರು. ನಾನು ಪಕ್ಕದಲ್ಲೇ ಕೂತಿದ್ದೆ. ತಂಗಿಯ ಬಾಣಂತನಕ್ಕೆಂದು ದಸರೆಗೆ ಬಂದಾಗ ನೀನು ಕೈಯಾರೆ ಹಾಕಿಕೊಟ್ಟ ಗೀಸರು ಅದು. 'ನಾನೇನು ತಪ್ಪು ಮಾಡ್ದೆ ಅಂತ ಗೊತ್ತಾಗ್ತಿಲ್ಲ ಭಾವ' ಎಂದೆಯಲ್ಲ, ಆ ದನಿ ನನ್ನ ಕಿವಿ ಬಿಟ್ಟು ಹೋಗುತ್ತಿಲ್ಲ. ನೀನು ಏನೂ ತಪ್ಪು ಮಾಡಿರಲಿಲ್ಲ. ಮಾಡಿದವಳು ನಾನು. ಮೊದಲಿನಿಂದ ಬರೆಯುತ್ತೇನೆ, ತಾಳ್ಮೆಯಿಂದ ಓದು.

ಗೀಸರನ್ನು ನೀನು ಬಚ್ಚಲಿನ ಒಳಗೆ ಹಾಕಲಿಲ್ಲ. ಹಿತ್ತಲ ಗೋಡೆಯ ಆ ತುದಿಗೆ, ಶೀಟಿನ ಮಾಡಿನ ಕೆಳಗೆ, ಗಾಳಿಯಾಡುವ ಕಡೆ ಹಾಕಿದೆ. ಅಲ್ಲಿಂದ ಬಚ್ಚಲಿನವರೆಗೆ ಹದಿನೈದು ಅಡಿ ಪೈಪು ಗೋಡೆಯ ಹೊರಮೈ ಮೇಲೇ ಬಂತು. 'ಇಷ್ಟು ದೂರ ಯಾಕೋ, ನೀರು ತಣ್ಣಗಾಗಲ್ವಾ?' ಎಂದು ನಾನು ಗೊಣಗಿದೆ. ನೀನು ಗೀಸರಿನಿಂದ ಒಂದು ಗೇಣು ಬಿಟ್ಟು ಪೈಪಿನ ಮೇಲೆ ಕೆಂಪು ಟೇಪು ಸುತ್ತಿದೆ. 'ಅಮ್ಮ, ಪೈಪಿಗೆ ಏನಾದ್ರೂ ಸುತ್ತಲೇಬೇಕು ಅಂದ್ರೆ ಈ ಕೆಂಪು ಗುರುತಿಂದ ಆಚೆಗೆ ಸುತ್ತು. ಗೀಸರ್ ಹತ್ರ ಬಟ್ಟೆ ತರ್ಬೇಡ. ಅದು ಕೆಳಗಿಂದ ಗಾಳಿ ಎಳ್ಕೊಳುತ್ತೆ, ಮೇಲಿಂದ ಹೊಗೆ ಬಿಡುತ್ತೆ, ಎರಡನ್ನೂ ಮುಚ್ಬಾರ್ದು. ಪೈಪಿಗೆ ಅಂತ್ಲೇ ಕಪ್ಪು ಸ್ಪಾಂಜಿನ ಕೊಳವೆ ಬರುತ್ತೆ, ಬೇಕಾದಾಗ ಹೇಳು, ಕಳಿಸ್ತೀನಿ' ಎಂದೆ. ಒಂದೊಂದು ಮಾತೂ ನೆನಪಿದೆ. ನಾನು ಅಂದದ್ದೂ ನೆನಪಿದೆ. 'ಲೋ, ನಿನ್ನನ್ನ ಕಾಲ ಮೇಲೆ ಹಾಕ್ಕೊಂಡು ನೀರು ಹುಯ್ದೋಳು ನಾನು, ನನಗೇ ಬಿಸಿನೀರಿನ ಪಾಠ ಹೇಳ್ತೀಯ?' ಎಂದೆ. ನೀನು ನಗುತ್ತಾ ಬಸ್ಸು ಹತ್ತಿದೆ.

ಸಿಂಧುಗೆ ಹನ್ನೊಂದನೆಯ ದಿನದ ನೀರು ಹಾಕಿದಾಗ ನಲ್ಲಿಯಲ್ಲಿ ಬಂದದ್ದು ಉಗುರುಬೆಚ್ಚಗಿನ ನೀರು. ಡಿಸೆಂಬರಿನ ಚಳಿ, ಹಸಿ ಬಾಣಂತಿ. ನನ್ನ ಅತ್ತೆ ನನಗೆ ಹಾಕುತ್ತಿದ್ದ ನೀರಿಗೆ ಮೈಯೆಲ್ಲ ಕೆಂಪಾಗುತ್ತಿತ್ತು. ನನ್ನ ಮಗಳಿಗೆ ಇಂಥ ನೀರೇ? ನಾಳೆ ಅವಳಿಗೆ ಸೊಂಟನೋವು ಬಂದರೆ ದೇವನಹಳ್ಳಿಯ ಬೀಗರು ಯಾರನ್ನು ಅನ್ನುತ್ತಾರೆ? ನಿನಗೊಂದು ಮಾತು ಹೇಳಿದ್ದರೆ ನೀನು ಸ್ಪಾಂಜು ಕಳಿಸುತ್ತಿದ್ದೆ. ಕೇಳುವ ಮನಸ್ಸು ಬರಲಿಲ್ಲ. ಪೆಟ್ಟಿಗೆಯಿಂದ ಅತ್ತೆಯ ಕರಿ ಕಂಬಳಿ ತೆಗೆದೆ. ಈ ಮನೆಯ ಬಾಣಂತಿಯರೆಲ್ಲ ಹೊದ್ದ ಕಂಬಳಿ ಅದು. ಎರಡು ಭಾಗ ಮಾಡಿದೆ. ನಮ್ಮ ಪೈಪಿಗೆ ಅರ್ಧ ಸಾಕಾಯಿತು. ಇನ್ನರ್ಧವನ್ನು, ಅವತ್ತು ಕೂಸು ನೋಡಲು ಜಡಿಗೇನಹಳ್ಳಿಯಿಂದ ಬಂದಿದ್ದ ನಿನ್ನ ಮುತ್ಯಾಲು ಚಿಕ್ಕಮ್ಮನಿಗೆ ಕೊಟ್ಟೆ, ಅವಳ ಮಗಳು ಬಿಂದುಶ್ರೀಗೂ ದಿನ ತುಂಬಿತ್ತಲ್ಲ. ನಾನು ಸುತ್ತುವುದನ್ನು ಅವಳು ನಿಂತು ನೋಡಿ, 'ಅಕ್ಕ, ನಿನ್ ಕೈ ಇಂಜಿನಿಯರ್ ಕೈ ಕಣೇ' ಎಂದಳು. ನಾನು ಉಬ್ಬಿಹೋದೆ. ಕೆಂಪು ಟೇಪಿನ ಹತ್ತಿರ ಬಂದಾಗ ಕೈ ಒಂದು ಗಳಿಗೆ ನಿಂತಿತು. ನಿಂತಿತ್ತು ಎಂದು ನಿನ್ನ ಮುಂದೆ ಒಪ್ಪಿಕೊಳ್ಳುತ್ತೇನೆ. ಆಮೇಲೆ ಟೇಪಿನ ಮೇಲೇ ಸುತ್ತಿಕೊಂಡು ಹೋಗಿ ಗೀಸರಿನ ಅಡಿಗೆ ಕಂಬಳಿಯನ್ನು ತುರುಕಿ ಸೆಣಬಿನ ಹುರಿಯಿಂದ ಬಿಗಿದೆ. ಬಿಸಿ ಹುಟ್ಟುವುದೇ ಅಲ್ಲಿ, ಅಲ್ಲಿ ಬಿಟ್ಟು ಬೇರೆಲ್ಲ ಸುತ್ತಿದರೆ ಏನು ಬಂತು ಎನ್ನುವುದು ನನ್ನ ಯೋಚನೆ. ಪೈಪಿಗೆ ಚಳಿಗಾಳಿ ಬಡಿಯದಿರಲಿ ಎಂದು ಮಾಡಿನ ಅಂಚಿನಿಂದ ನೆಲದವರೆಗೆ, ಗೀಸರಿನಿಂದ ಬಚ್ಚಲಿನವರೆಗೂ ಟಾರ್ಪಾಲು ಇಳಿಬಿಟ್ಟೆ. ಬಚ್ಚಲಿನ ಗವಾಕ್ಷಿಯೂ ಟಾರ್ಪಾಲಿನ ಒಳಗೇ ಸೇರಿತು. ಬಾಣಂತಿಗೆ ಹೊರಗಿನ ಗಾಳಿಯೂ ತಪ್ಪಿತು, ಒಂದೇ ಕೆಲಸದಲ್ಲಿ ಎರಡಾಯಿತು ಎಂದುಕೊಂಡೆ.

ಮಾರನೆಯ ದಿನ ನೀರು ಸುಡುವಂತೆ ಬಂತು. ಎರಡು ದಿನ ಕಳೆದ ಮೇಲೆ ಸಿಂಧು ಬಚ್ಚಲಿನಿಂದ ಬಂದವಳೇ 'ತಲೆ ಸಿಡೀತಿದೆ ಅಮ್ಮ, ವಾಕರಿಕೆ ಬರ್ತಿದೆ' ಎಂದಳು. ಎಲ್ಲಿಂದಲೋ ಗಾಳಿ ತಗುಲಿದೆ ಎಂದು ಬಚ್ಚಲ ಬಾಗಿಲ ಕೆಳಗಿನ ಸಂದಿಗೆ ಹಳೇ ಸೀರೆ ತುರುಕಿದೆ. ತಲೆನೋವು ಹೆಚ್ಚಾಯಿತು. ಟಾರ್ಪಾಲಿನ ಎರಡು ಪಕ್ಕಕ್ಕೂ ಗೋಣಿಚೀಲ ಕಟ್ಟಿದೆ. ಕಾಲಲ್ಲಿ ಶಕ್ತಿ ಇಲ್ಲ ಎಂದಳು. ಗೀಸರಿನ ನೆತ್ತಿಯಿಂದ ಬಿಸಿ ಸುಮ್ಮನೆ ಹೋಗುತ್ತಿದೆಯಲ್ಲ ಎಂದು ನಮ್ಮ ಅರ್ಧ ಕಂಬಳಿಯಲ್ಲಿ ಉಳಿದಿದ್ದ ತುಂಡನ್ನು ಅದರ ಮೇಲೂ ಹೊದಿಸಿದೆ. ಬೈರೇಶ, ನಾನು ಮರೆಯಲಾಗದ್ದು ಇದನ್ನೇ. ಅವಳು ದಿನವೂ ಹೇಳಿದಳು, ಅವಳು ಹೇಳಿದಷ್ಟೂ ನಾನು ಮುಚ್ಚುತ್ತಾ ಹೋದೆ. ಗೀಸರಿನ ಕಿಂಡಿಯಲ್ಲಿ ನೀಲಿಯಾಗಿ ಕಾಣುತ್ತಿದ್ದ ಬೆಂಕಿ ಹಳದಿಯಾಯಿತು. ಅದು ಸೌದೆ ಒಲೆಯ ಬೆಂಕಿಯಂತೆ ಕಂಡಿತು, ಈಗ ಸರಿಯಾಗಿ ಉರಿಯುತ್ತಿದೆ ಎಂದು ನಾನು ಸಂತೋಷಪಟ್ಟೆ. ಎಣ್ಣೆ ಹಚ್ಚಿ ಮೊದಲ ಹತ್ತು ಚೊಂಬು ಹುಯ್ದು ಹೊರಗೆ ಬರುವಷ್ಟರಲ್ಲಿ ನನಗೂ ತಲೆ ಭಾರವಾಗುತ್ತಿತ್ತು. ನಿದ್ದೆಗೆಟ್ಟದ್ದಕ್ಕೆ ಎಂದುಕೊಂಡೆ. ನಾನು ಹೊರಗೆ ಬರುತ್ತಿದ್ದೆ. ಅವಳು ಮಾತ್ರ ನಲ್ಲಿ ಬಿಟ್ಟುಕೊಂಡು, ಚೊಂಬಿನಲ್ಲಿ ಹುಯ್ದುಕೊಳ್ಳುತ್ತಾ ಮೈ ಬೆವರುವವರೆಗೆ ಹಬೆಯಲ್ಲಿ ಕೂತಿರಬೇಕು. ಅದು ನನ್ನ ಅಪ್ಪಣೆ.

ಭಾನುವಾರವೂ ಹಾಗೇ ಕೂರಿಸಿ ಬಂದು ಸಾಂಬ್ರಾಣಿಗೆ ಕೆಂಡ ಮಾಡುತ್ತಿದ್ದೆ. ಅಂದಿನವರೆಗೆ ಕೂಸಿಗೆ ಕೋಣೆಯಲ್ಲೇ ಬೇಸಿನ್ನಿನಲ್ಲಿ ನೀರು ಹಾಕುತ್ತಿದ್ದೆ. ಅವತ್ತು ತಾಯಿಯದು ಆದ ಮೇಲೆ ಮೊದಲ ಸಲ ಬಚ್ಚಲಿಗೆ ಒಯ್ಯುವುದೆಂದು ಅದರ ಎಣ್ಣೆ ಬಟ್ಟಲನ್ನೂ ಬಾಗಿಲ ಪಕ್ಕದಲ್ಲಿ ಇಟ್ಟಿದ್ದೆ. ಕೂದಲು ಸುಟ್ಟ ವಾಸನೆ ಬಂತು. ಕೆಂಡಕ್ಕೆ ನನ್ನ ಕೂದಲು ಬಿತ್ತೇನೋ ಎಂದು ಸೆರಗು ಕೊಡವಿಕೊಂಡೆ. ಸಾಂಬ್ರಾಣಿ ಹಾಕಿದೆ, ಆ ಹೊಗೆಯಲ್ಲಿ ಸುಟ್ಟ ವಾಸನೆ ಅಡಗಿತು. ಇನ್ನೊಂದು ಗಳಿಗೆ ಹಾಗೇ ಕೂತಿದ್ದರೆ ಮುಗಿದಿತ್ತು. ಏನು ನನ್ನನ್ನು ಎಬ್ಬಿಸಿತು ಎಂದರೆ, ನೀರು ಬೀಳುವ ಸದ್ದು ಇತ್ತು, ಚೊಂಬಿನ ಸದ್ದು ಇರಲಿಲ್ಲ. 'ಸಿಂಧೂ' ಎಂದೆ. 'ಹ್ಞೂ ಅನ್ನೇ' ಎಂದೆ. ಬಾಗಿಲು ತಳ್ಳಿದರೆ ತೆರೆಯದು. ಅಗುಳಿ ಹಾಕಿರಲಿಲ್ಲ. ನಾನೇ ತುರುಕಿದ ಸೀರೆ ಬಾಗಿಲಿನಡಿ ಸಿಕ್ಕಿಕೊಂಡಿತ್ತು. ನಿಮ್ಮಪ್ಪ ಓಡಿಬಂದು ಒದ್ದರು. ಅವಳು ಗೋಡೆಗೆ ಒರಗಿ ನಿದ್ದೆ ಮಾಡುವವಳ ಹಾಗೆ ಕೂತಿದ್ದಳು. ಕರೆದರೂ ಕಣ್ಣು ತೆರೆಯಲಿಲ್ಲ. ಅಂಗಳಕ್ಕೆ ಎಳೆದುಕೊಂಡು ಬಂದೆವು. ಅವಳು ಒಂದು ಉಸಿರು ಎಳೆಯುವವರೆಗೆ ನಾನು ಏನು ಮಾಡಿದೆ, ಯಾವ ದೇವರನ್ನು ಕರೆದೆ ಎಂಬುದು ನನಗೆ ನೆನಪಿಲ್ಲ. ಹೊಸ್ತಿಲ ಹತ್ತಿರ ಆ ಎಣ್ಣೆ ಬಟ್ಟಲು ಇದ್ದದ್ದು ಮಾತ್ರ ನೆನಪಿದೆ.

ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ಎರಡು ದಿನ ಆಮ್ಲಜನಕ ಕೊಟ್ಟರು. ಡಾಕ್ಟರು ಹೆಣ್ಣುಮಗಳು, ನಿನ್ನಷ್ಟೇ ವಯಸ್ಸು. ಬೆಂಕಿಗೆ ಗಾಳಿ ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ, ಬಣ್ಣ ಇಲ್ಲ, ವಾಸನೆ ಇಲ್ಲ ಎಂದರು. ವಿಜ್ಞಾನದಲ್ಲಿ ನನಗೆ ನೂರಕ್ಕೆ ಅರವತ್ತೆರಡು ಬಂದಿತ್ತು ಬೈರೇಶ. ಆ ಪಾಠ ನಾನು ಓದಿದ್ದೆ. 'ಗೀಸರ್ ಹತ್ರ ಏನಾದ್ರೂ ಮುಚ್ಚಿದ್ರಾ ಅಮ್ಮ?' ಎಂದು ಅವರು ಕೇಳಿದರು. ನನಗಿಂತ ಮೊದಲು ಕೆಂಪರಾಜ್ ಬಾಯಿ ಹಾಕಿ, 'ಇವರ ಮಗನೇ ಹಾಕಿದ್ದು ಮೇಡಂ, ಫಿಟ್ಟಿಂಗೇ ಸರಿ ಇಲ್ಲ' ಎಂದರು. ನಾನು ಬಾಯಿ ಮುಚ್ಚಿಕೊಂಡು ನಿಂತೆ. ಯಾಕೆಂದರೆ ಆಟೋ ಬರುವುದರೊಳಗೆ ನಾನು ಹಿತ್ತಲಿಗೆ ಹೋಗಿ, ಟಾರ್ಪಾಲು, ಗೋಣಿಚೀಲ ಬಿಚ್ಚಿ ಎಸೆದು, ಅಂಚು ಸುಟ್ಟಿದ್ದ ಆ ಕಂಬಳಿಯನ್ನು ಕಿತ್ತು ತಿಪ್ಪೆಗೆ ತಳ್ಳಿ ಮೇಲೆ ಸಗಣಿ ಎಳೆದಿದ್ದೆ. ಮಗಳು ಅಂಗಳದಲ್ಲಿ ಮಲಗಿದ್ದಾಗ ಅವಳ ತಾಯಿ ಮಾಡಿದ ಕೆಲಸ ಇದು. ಬೇರೆ ಯಾರಾದರೂ ಮಾಡಿದ್ದರೆ ಅವರ ಮುಖ ನೋಡುತ್ತಿರಲಿಲ್ಲ ನಾನು. ನಿಮ್ಮಪ್ಪ ಸೋಮವಾರ ಒಂದೇ ಮಾತು ಕೇಳಿದರು, 'ಕಂಬಳಿ ಎಲ್ಲೋಯ್ತು?' ಕಾಣೆ ಎಂದೆ. ಅವರು ಟವೆಲು ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೋದರು. ಅವತ್ತೇ ಮುತ್ಯಾಲು ಗಾಬರಿಯಿಂದ ಫೋನು ಮಾಡಿದಾಗಲೂ, ಕೆಂಪರಾಜ್ ಎದುರಿಗೆ ಕೂತಿದ್ದರಿಂದ, 'ಬೈರೇಶ ಹಾಕಿದ್ದು ಸರಿ ಇರಲಿಲ್ವಂತೆ ಕಣೆ' ಎಂದು ನನ್ನ ಬಾಯಿಂದಲೇ ಹೇಳಿದೆ.

ಈಗ ಗೀಸರಿನ ಸಿಲಿಂಡರ್ ಬಿಚ್ಚಿಟ್ಟಿದ್ದೇವೆ. ಅಂಗಳದ ಮೂಲೆಯಲ್ಲಿ ಹಂಡೆಗೆ ಸೌದೆ ಹಾಕಿ ನೀರು ಕಾಯಿಸುತ್ತೇನೆ. ಬಚ್ಚಲ ಬಾಗಿಲನ್ನು ಅರ್ಧ ತೆರೆದು, ಅಡ್ಡಕ್ಕೆ ಸೀರೆ ಕಟ್ಟಿ, ಹೊಸ್ತಿಲ ಮೇಲೆ ನಾನು ಕೂರುತ್ತೇನೆ. ಸಿಂಧು ಸುಮ್ಮನಾದರೆ ನನ್ನ ಜೀವ ಹೋಗುತ್ತದೆ. ಅದಕ್ಕೆ ಮಗ್ಗಿ ಹೇಳು ಎನ್ನುತ್ತೇನೆ. 'ಅಮ್ಮಾ, ನಾನೇನ್ ಮೂರನೇ ಕ್ಲಾಸಾ?' ಎಂದು ರೇಗುತ್ತಾಳೆ. ರೇಗಲಿ, ಸದ್ದು ಬರಲಿ. ನಿನ್ನೆ ಹದಿಮೂರೆಂಟ್ಲಿಗೆ ಬಂದು ನಿಲ್ಲಿಸಿದಳು. ನಾನು ಸೀರೆ ಸರಿಸಿ ನುಗ್ಗಿದೆ. ಅವಳಿಗೆ ಮುಂದಿನದು ಮರೆತುಹೋಗಿತ್ತು, ಅಷ್ಟೆ. ಕೂಸು ನಿದ್ದೆ ಮಾಡುವಾಗ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತೇನೆ, ಬೆರಳು ನಂಬಲು ಆಗದೆ ಮತ್ತೆ ಕೆನ್ನೆ ತಂದು ಹಿಡಿಯುತ್ತೇನೆ. ಪಕ್ಕದ ಮನೆಯಲ್ಲಿ ಯಾರಾದರೂ ಗ್ಯಾಸ್ ಒಲೆ ಹಚ್ಚಿದ ಸದ್ದಿಗೂ ಬೆಚ್ಚಿಬೀಳುತ್ತೇನೆ. ಡಾಕ್ಟರು ಮುಂದಿನ ವಾರ ಮತ್ತೆ ಕರೆದುಕೊಂಡು ಬನ್ನಿ, ಇಂಥದ್ದು ಕೆಲವರಿಗೆ ತಡವಾಗಿ ತಲೆಗೆ ಏರುತ್ತದೆ, ಮರೆವು ಬಂತೇ ನೋಡುತ್ತಿರಿ ಎಂದಿದ್ದಾರೆ. ಅವಳು ಹದಿಮೂರರ ಮಗ್ಗಿ ಮರೆತದ್ದು ಹಿಂದಿನಿಂದಲೂ ಬರದಿದ್ದಕ್ಕೋ ಇದಕ್ಕೋ ನನಗೆ ತಿಳಿಯುತ್ತಿಲ್ಲ. ಅವಳಿಗೆ ಚಿಕ್ಕಂದಿನಲ್ಲಿ ಬರುತ್ತಿತ್ತೇ? ನಿನಗೆ ನೆನಪಿದ್ದರೆ ಹೇಳು.

ಈಗ ಈ ಕಾಗದ ಬರೆಯುವುದಕ್ಕೆ ಕಾರಣ. ಕೆಂಪರಾಜ್ ರಜೆ ಹಾಕಿ ನಮ್ಮ ಪಡಸಾಲೆಯಲ್ಲೇ ಕೂತಿದ್ದಾರೆ. ಸಿಂಧುವನ್ನೂ ಕೂಸನ್ನೂ ದೇವನಹಳ್ಳಿಗೆ ಕರೆದೊಯ್ಯುತ್ತೇನೆ ಎನ್ನುತ್ತಿದ್ದಾರೆ. ನಿನ್ನ ಕೆಲಸ ಸರಿ ಇಲ್ಲ ಎಂದುಕೊಂಡಿರುವಾಗಲೇ ಹೀಗೆ. ಮಾಡಿದ್ದು ಅತ್ತೆ ಎಂದು ಗೊತ್ತಾದರೆ ನನ್ನ ಮಗಳನ್ನು ನನ್ನ ಕಣ್ಣಿಗೆ ತೋರಿಸುವುದಿಲ್ಲ. ಈ ಊರಿನಲ್ಲಿ ಯಾರ ಮನೆ ಬಾಣಂತನವಾದರೂ ನನ್ನನ್ನು ಕೇಳಿ ಮಾಡುತ್ತಿದ್ದರು, ಅವರ ಮುಂದೆ ನಾನು ಹೇಗೆ ನಡೆಯಲಿ? ನೀನು ಗಂಡಸು, ಗಟ್ಟಿಗ, ದೂರದಲ್ಲಿದ್ದೀಯ. ಮೂರು ತಿಂಗಳ ಬಾಣಂತನ ಮುಗಿಯುವವರೆಗೆ ಈ ಮಾತು ನಿನ್ನ ತಲೆಯ ಮೇಲೇ ಇರಲಿ. ಭಾವ ಮತ್ತೆ ಬೈದರೆ ತಿರುಗಿ ಏನೂ ಅನ್ನಬೇಡ. ಈ ವಯಸ್ಸಿನವರೆಗೆ ನಿನ್ನ ಹತ್ತಿರ ನಾನು ಏನನ್ನೂ ಕೇಳಿಲ್ಲ, ಇದೊಂದನ್ನು ಕೇಳುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಎತ್ತರದಲ್ಲಿ ಕೆಲಸ ಮಾಡುವಾಗ ಬೆಲ್ಟು ಹಾಕಿಕೋ. ನಿನ್ನ ಕೈ ಮುಟ್ಟಿದ ಕೆಲಸವೆಲ್ಲ ಚೆನ್ನಾಗಿ ನಿಲ್ಲಲಿ, ಹುಷಾರಾಗಿ ನಮ್ಮ ಹೊಸ್ತಿಲಿಗೆ ಬಾ.

ನಿನ್ನ ಅಮ್ಮ,
ಅಂಜಿನಮ್ಮ ಪಿಳ್ಳಪ್ಪ

ಮತ್ತೊಂದು: ತಪ್ಪಿದ್ದರೆ ತಿದ್ದೋಣವೆಂದು ಮಡಚುವ ಮುಂಚೆ ಓದುತ್ತಾ ಬಂದೆ. ಇನ್ನರ್ಧವನ್ನು ಮುತ್ಯಾಲುಗೆ ಕೊಟ್ಟೆ ಎಂದು ನಾನೇ ಬರೆದ ಸಾಲಿಗೆ ಬಂದಾಗ ಕಾಗದ ಅಲ್ಲೇ ಬಿಟ್ಟು ಎದ್ದೆ. ಬಿಂದುಶ್ರೀ ಹೆತ್ತು ಇವತ್ತಿಗೆ ಹನ್ನೊಂದನೆಯ ದಿನ, ನೀರು ಹಾಕುವ ದಿನ. ಅವರ ಗೀಸರು ಬಚ್ಚಲಿಗೆ ಅಂಟಿದ ಸೌದೆಕೋಣೆಯಲ್ಲಿದೆ. ನಡುಮನೆಗೆ ಓಡಿ ಫೋನು ಮಾಡಿದೆ, ಸ್ಪೀಕರಿನಲ್ಲೇ ಇತ್ತು. 'ಬಿಂದು ಒಳಗೆ ಕೂತವಳೆ ಅಕ್ಕ, ಈಗ ತಾನೆ ನೀರು ಬಿಟ್ಟೆ, ನೀನು ಸುತ್ತಿದಂಗೇ ಸುತ್ತಿದೀನಿ, ಏನ್ ಬಿಸಿ ಅಂತೀಯ' ಎಂದಳು. ಗೀಸರ್ ಆರಿಸು, ಬಾಗಿಲು ತೆಗಿ ಎಂದೆ. 'ಹಸಿ ಬಾಣಂತಿ ಮೈಗೆ ಗಾಳಿ ಬಿಡ್ಲಾ? ನಿನಗೇನಾಯ್ತಕ್ಕ? ನಮ್ಮನೇದೇನು ಬೈರೇಶ ಹಾಕಿದ್ದಾ? ಅಂಗಡಿಯೋರೇ ಬಂದು ಹಾಕಿರೋದು' ಎಂದಳು. ನಾನು ಹೇಳಿದ ಸುಳ್ಳನ್ನೇ ನಂಬಿಕೊಂಡು ಅವಳು ಬಾಗಿಲು ತೆಗೆಯದೆ ನಿಂತಿದ್ದಳು. ಆಗ ಕೂಗಿದೆ. 'ಬೈರೇಶ ಸರಿಯಾಗೇ ಹಾಕಿದ್ದ ಕಣೇ! ಸುತ್ತಿದ್ದು ನಾನು, ಗಾಳಿ ಮುಚ್ಚಿದ್ದು ನಾನು, ನನ್ನ ಮಗಳನ್ನ ಕೊಲ್ತಿದ್ದೋಳು ನಾನು, ಬಾಗಿಲು ತೆಗಿಯೇ ಮುತ್ಯಾಲು!' ಎಂದೆ. ಏನೋ ಬಿದ್ದ ಸದ್ದು, ಓಡಿದ ಸದ್ದು, ಬಾಗಿಲ ಸದ್ದು. ಆಮೇಲೆ ಬರೀ ನೀರಿನ ಸದ್ದು. ಕಡೆಗೆ ಬಿಂದುಶ್ರೀ ದನಿ ಬಂತು, 'ಏನ್ ದೊಡ್ಡಮ್ಮ ನಿಂದು, ಮೈಯೆಲ್ಲ ಸೋಪಿದೆ!' ಎಂದು. ತಲೆ ಸ್ವಲ್ಪ ಭಾರ ಅಂತೆ. ಈಗಲೇ ಹೊಸಕೋಟೆಗೆ ಆಸ್ಪತ್ರೆಗೆ ಹೊರಡಿ ಎಂದಿದ್ದೇನೆ, ಹೊರಟಿದ್ದಾರೆ.

ತಿರುಗಿ ನೋಡಿದರೆ ಕೆಂಪರಾಜ್, ನಿಮ್ಮಪ್ಪ, ಕೂಸನ್ನು ಎತ್ತಿಕೊಂಡು ಸಿಂಧು, ಮೂವರೂ ನಿಂತಿದ್ದರು. ನೀನು ಸುತ್ತಿಹೋಗಿದ್ದ ಕೆಂಪು ಟೇಪಿನ ಮಾತನ್ನೂ ಅವರಿಗೆ ಹೇಳಿಬಿಟ್ಟೆ. ಕೆಂಪರಾಜ್ ಹಿತ್ತಲಿಗೆ ಹೋಗಿ ಪೈಪಿನ ಮೇಲಿನ ಕೆಂಪು ಟೇಪು ನೋಡಿ ಬಂದು, ಈಗ ಪಡಸಾಲೆಯಲ್ಲಿ ನಿಂತು ಯಾರಿಗೋ ಫೋನು ಮಾಡುತ್ತಿದ್ದಾರೆ. ನಿನಗೇ ಇರಬೇಕು. ಬರುವಾಗ ಆ ಕಪ್ಪು ಸ್ಪಾಂಜಿನ ಕೊಳವೆ ತಾ. ನೀನೇ ಹಾಕು, ಗೇಣು ಬಿಟ್ಟು ಹಾಕು, ನಾನು ಬಾಯಿ ತೆರೆಯುವುದಿಲ್ಲ. ಮೇಲೆ ನಿನ್ನ ಹತ್ತಿರ ಕೇಳಿದ್ದೆನಲ್ಲ, ಆ ಸಾಲುಗಳಿಗೆ ಅಡ್ಡಗೆರೆ ಎಳೆದಿದ್ದೇನೆ. ಏನು ಬರೆದಿದ್ದೆ ಎಂದು ನೀನು ಓದಲು ಬರುವ ಹಾಗೇ ಎಳೆದಿದ್ದೇನೆ.